ಏಳನೇ ಕಾಲಂ

ಮಾರ್ಚ್ ಇಪ್ಪತ್ತೊಂಬತ್ತು. ಚಿತ್ತಾಪುರದ ತಾಲ್ಲೂಕು ಕಚೇರಿ.
ಫ್ಯಾನು ತಿರುಗುತ್ತದೆ, ಬಿಸಿಯನ್ನೇ ತಿರುವಿ ಹಾಕುತ್ತದೆ.
ನನ್ನ ಮುಂದೆ ಉದ್ದನೆಯ ಹಾಳೆ, ಒಂಬತ್ತು ಕಾಲಂ.
ಹೆಸರು, ಊರು, ನ್ಯೂನತೆಯ ಬಗೆ, ಶೇಕಡಾ ಎಷ್ಟು,
ಕಾರ್ಡು ಸಿಕ್ಕಿತೇ, ಸಾಧನ ಕೊಟ್ಟಿದೆಯೇ,
ಅಲ್ಲಿಯವರೆಗೆ ಸಲೀಸು.
ಏಳರಲ್ಲಿ ಪೆನ್ನು ನಿಲ್ಲುತ್ತದೆ.
ಪ್ರಗತಿ: ಇದೆ, ಇಲ್ಲ. ಒಂದಕ್ಕೆ ಗುರುತು ಹಾಕಿ.

ದೇವಿಂದ್ರ, ಒಂಬತ್ತು ವರ್ಷ, ಕಾಗಿಣಾ ದಂಡೆಯ ಊರು.
ಸಾಧನ: ಗಾಲಿಕುರ್ಚಿ, ಒಂದು. ಕೊಟ್ಟಿದ್ದು ನಿಜ.
ಫೋಟೋ ಇದೆ, ಫೋಟೋದಲ್ಲಿ ಹಾರ ಹಾಕಿಸಿಕೊಂಡ ಸಾಹೇಬರಿದ್ದಾರೆ,
ಮೂಲೆಯಲ್ಲಿ ದೇವಿಂದ್ರನ ಅರ್ಧ ಮುಖ.
ಬಾಗಿಲು ಎರಡಡಿ. ಕುರ್ಚಿ ಎರಡಡಿ, ಮೇಲೆ ಮೂರು ಬೆರಳು.
ಹಾಗಾಗಿ ಅದು ಅಂಗಳದಲ್ಲೇ ನಿಂತಿದೆ,
ಅವರವ್ವ ಅದರ ಮೇಲೆ ಮೆಣಸಿನಕಾಯಿ ಒಣಹಾಕುತ್ತಾಳೆ.
"ಕಬ್ಬಿಣ ಛಲೋ ಅದ ಬಿಡ್ರಿ ಅಕ್ಕೋರ, ಜಂಗ್ ಹಿಡಿಯಂಗಿಲ್ಲ."
ಎಷ್ಟು ಕುರ್ಚಿ ಎಂದು ಇಲಾಖೆ ಕೇಳುತ್ತದೆ.
ಮೂರು ಬೆರಳಿಗೆ ಕಾಲಂ ಇಲ್ಲ.
ಒಳಗೆ ದೇವಿಂದ್ರ ನೆಲದ ಮೇಲೆ ತೆವಳುತ್ತಾನೆ.
ಹೋದ ದಸರೆಗೆ ಹೊಸ್ತಿಲು ಅವನಿಗೆ ನಾಲ್ಕು ಫರಸಿ ದೂರ,
ಈಗ ಎರಡು.
ಇದೆ ಎನ್ನಲೇ, ಇಲ್ಲ ಎನ್ನಲೇ,
ಎರಡು ಫರಸಿ ಎಂದು ಬರೆದರೆ ಕಂಪ್ಯೂಟರು ಒಲ್ಲೆ ಅನ್ನುತ್ತದೆ.

ನನ್ನದೂ ಒಂದು ಹಾಳೆ ಇದೆ ಎಲ್ಲೋ.
ಎಡಗಾಲಿಗೆ ಕ್ಯಾಲಿಪರ್, ಶೇಕಡಾ ಐವತ್ತೈದು.
ಉಳಿದ ನಲವತ್ತೈದನ್ನು ಯಾವ ಕಪಾಟಿನಲ್ಲಿ ಇಟ್ಟಿದ್ದಾರೋ
ಹದಿನಾಲ್ಕನೇ ವಯಸ್ಸಿನಿಂದ ಹುಡುಕುತ್ತಿದ್ದೇನೆ.

ಕಳೆದ ವರ್ಷ ಕಲಬುರಗಿಯ ಮೀಟಿಂಗಿನಲ್ಲಿ
ಗೋಡೆಯ ತುಂಬ ಬಣ್ಣದ ಕಂಬಗಳು.
ನಮ್ಮ ತಾಲ್ಲೂಕಿನದು ಗಿಡ್ಡ, ಕೆಂಪು.
"ಮುಂದಿನ ಸಲ ಹಸಿರಾಗಲಿ ಅಷ್ಟೇ" ಎಂದರು, ನಗುತ್ತಲೇ.
ಬೈದಿದ್ದರೆ ಹಗುರವಾಗುತ್ತಿತ್ತು.
ಆಮೇಲಿನದು ಯಾರೂ ಹೇಳಿಕೊಡಲಿಲ್ಲ, ಎಲ್ಲರಿಗೂ ಗೊತ್ತಿತ್ತು:
ಅಂಶ ಏರದಿದ್ದರೆ ಛೇದ ಇಳಿಸು.
ಐದನೇ ಕ್ಲಾಸಿನ ಭಿನ್ನರಾಶಿ.

ಇಳಿಸಿದೆ.
ಶಂಶಾದ್, ಹನ್ನೆರಡು ವರ್ಷ, ವಾಡಿಯ ಹಳೇ ಖಣಿಯ ಹಿಂದಿನ ಗಲ್ಲಿ.
ಕೂರುವುದಿಲ್ಲ, ಮಾತಿಲ್ಲ, ಮೂರು ವರ್ಷದಿಂದ ಏಳರಲ್ಲಿ ಇಲ್ಲ, ಇಲ್ಲ, ಇಲ್ಲ.
ಷರಾದಲ್ಲಿ ಬರೆದೆ: ವಲಸೆ ಹೋಗಿದ್ದಾಳೆ.
ಮಗ್ಗುಲು ಬದಲಿಸಲೂ ಇನ್ನೊಬ್ಬರು ಬೇಕಾದವಳು
ನನ್ನ ಒಂದು ಸಾಲಿನಲ್ಲಿ ಊರು ಬಿಟ್ಟು ಹೋದಳು.
ಕಂಬ ಬೆಳೆಯಿತು. ಹಸಿರಾಯಿತು.
ನನಗೆ ಶಾಲು ಹೊದಿಸಿದರು, ಏಪ್ರಿಲ್ ಸೆಕೆಯಲ್ಲಿ.

ಪಟ್ಟಿ ನೋಡಿ ಓಡುವ ಥೆರಪಿ ವ್ಯಾನು
ಆ ಗಲ್ಲಿಗೆ ತಿರುಗುವುದನ್ನು ಬಿಟ್ಟಿತು. ಅದರ ಜೊತೆಗೇ ಬರುತ್ತಿದ್ದ
ಫಿಟ್ಸಿನ ಗುಳಿಗೆಯೂ.
ನಾನು ಮಾತ್ರ ಹೋಗುತ್ತಿದ್ದೆ, ರಜೆಯ ದಿನ, ರಿಜಿಸ್ಟರಿಲ್ಲದೆ,
ಸಿಕ್ಕಷ್ಟು ಗುಳಿಗೆ ಕೊಂಡು.
"ಗಾಡಿ ಕೆಟ್ಟಾದೇನ್ರಿ ಮೇಡಂ?" ಬಿಸ್ಮಿಲ್ಲಾಬಿ ಕೇಳಿದಳು.
ಹೌದು ಎಂದೆ.
ಚಹಾ ಕೊಟ್ಟಳು. ಕುಡಿದೆ.

ಅವಳ ಬಳಿ ಒಂದು ಡಾಲ್ಡಾ ಡಬ್ಬಿ ಇದೆ.
ಫಿಟ್ಸು ಬಾರದ ರಾತ್ರಿಗೊಂದು ಹುಣಸೆಬೀಜ ಒಳಗೆ.
ಮೂರು ತಿಂಗಳಿಗೊಮ್ಮೆ ಸುರುವಿ ಎಣಿಸುತ್ತಾಳೆ,
ಯಾರಿಗೂ ಕಳಿಸುವುದಿಲ್ಲ.
ವ್ಯಾನು ಬರುತ್ತಿದ್ದಾಗ ಅರವತ್ತೆರಡು.
ಆಮೇಲೆ ಇಪ್ಪತ್ತಾರು.
"ಬಿಸಲಿಗಿ ಹಿಂಗಾಗ್ಯಾದೋ ಏನೋ" ಎಂದಳು.
ಅವಳು ನನ್ನನ್ನು ನೋಡಲಿಲ್ಲ, ಬೀಜ ತುಂಬುತ್ತಿದ್ದಳು,
ಒಂದು ಉರುಳಿ ನನ್ನ ಬೂಟಿನ ಹತ್ತಿರ ಬಂತು.

"ಮುಗೀತೇನ್ರಿ? ಕರೆಂಟ್ ಹೋಗೋದ್ರೊಳಗ ಏರಿಸಬೇಕು,"
ಆಪರೇಟರ್ ಹುಡುಗ ಬಂಡೆಪ್ಪ ಗಡಿಬಿಡಿ ಮಾಡುತ್ತಾನೆ.
ಹಾಳೆಯ ತಳದಲ್ಲಿ ಅಚ್ಚಿನ ಗೆರೆ ಮುಗಿದಿದೆ.
ಸ್ಕೇಲಿಲ್ಲ. ಕಾರ್ಡಿನ ಅಂಚಿಟ್ಟು ಇನ್ನೊಂದು ಗೆರೆ ಎಳೆಯುತ್ತೇನೆ,
ಸ್ವಲ್ಪ ಸೊಟ್ಟ.
ಶಂಶಾದ್. ವಾಡಿ. ಷರಾ: ಮರಳಿದ್ದಾಳೆ.
"ಇದ್ರಿಂದ ನಮ್ ಶೇಕಡಾ ಬೀಳ್ತದಲ್ರಿ" ಎನ್ನುತ್ತಾನೆ ಅವನು.
ಬೀಳ್ತದ ಬಂಡೆಪ್ಪ, ಬರಿ.

ಬರೆಯುತ್ತಾ ಹೋಗುತ್ತಾನೆ. ನಾಲ್ಕು, ಐದು, ಆರು.
ಬೆರಳು ಎತ್ತಿ ನನ್ನ ಮುಖ ನೋಡುತ್ತಾನೆ.